ಹವಳದ ಬುಡದ ಬಿಳಿ

ಬಿಳಿ ನಿನ್ನೆಗಿಂತ ಮೇಲಕ್ಕೆ ಬಂದಿದೆಯೇ, ಅಥವಾ ತೊಟ್ಟಿಯ ದೀಪ ಈಗಷ್ಟೇ ಹತ್ತಿಕೊಂಡದ್ದರಿಂದ ಹಾಗೆ ಕಾಣುತ್ತಿದೆಯೇ, ಈ ನೀಲಿ ಬೆಳಕಿನಲ್ಲಿ ಎಲ್ಲ ಬಿಳಿಯೂ ಇದ್ದದ್ದಕ್ಕಿಂತ ಹೆಚ್ಚು ಬಿಳಿ, ನನ್ನ ನೈಟಿಯ ಮೇಲಿನ ಅಕ್ಕಿಹಿಟ್ಟಿನ ಕಲೆ ಕೂಡ ಹೊಳೆಯುತ್ತಿದೆ, ಕಣ್ಣು ಉಜ್ಜಿಕೊಂಡು ಮತ್ತೆ ನೋಡಬೇಕು — ಬಂದಿದೆ, ಖಂಡಿತ ಬಂದಿದೆ, ಹವಳದ ಎಡಗಡೆಯ ಕವಲಿನ ಬುಡದಲ್ಲಿ ನಿನ್ನೆ ಸಂಜೆ ಚರ್ಮವಿತ್ತು, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ನೇರಳೆ ಚರ್ಮ, ಈಗ ಅಲ್ಲಿ ಬರೀ ಎಲುಬು, ಯಾರೋ ಉಗುರಿನಿಂದ ಸುಲಿದ ಹಾಗೆ. ವಿಚಿತ್ರವೆಂದರೆ ತುದಿಗಳೂ ಬಿಳಿಯೇ, ಆದರೆ ತುದಿಯ ಬಿಳಿ ಬೆಳೆಯುವ ಬಿಳಿ, ಇನ್ನೂ ಬಣ್ಣ ಹತ್ತದ ಹೊಸ ಎಲುಬು, ಮಗುವಿನ ಹಲ್ಲು ಒಸಡಿನಿಂದ ಇಣುಕಿದ ಹಾಗೆ, ಬುಡದ ಬಿಳಿ ಸಾಯುವ ಬಿಳಿ, ಒಂದೇ ಗಿಡದಲ್ಲಿ, ಗಿಡವಲ್ಲ ಗಿಡವಲ್ಲ, ಒಂದೇ ಪ್ರಾಣಿಯಲ್ಲಿ, ಒಂದೇ ಬಣ್ಣ ಎರಡು ಕೆಲಸ ಮಾಡುತ್ತಿದೆ, ಅದನ್ನು ಗೊತ್ತು ಮಾಡಿಕೊಳ್ಳುವುದಕ್ಕೇ ನನಗೆ ಎಷ್ಟು ಕಾಲ ಬೇಕಾಯಿತು. ಮಮ್ಮಿ ಇದು ಪ್ರಾಣಿನಾ ಗಿಡಾನಾ ಕಲ್ಲಾ, ಒಂದ್ ಹೇಳು, ಎಂದು ಪ್ರೇಕ್ಷಾ ಕೇಳಿದ್ದಳು, ಐದನೇ ಕ್ಲಾಸಿನವಳಿಗೆ ಎಲ್ಲಕ್ಕೂ ಒಂದೇ ಉತ್ತರ ಬೇಕು, ಮೂರೂ ಕಣೇ, ಮೈ ತುಂಬ ಬಾಯಿರುವ ಪ್ರಾಣಿ, ಒಳಗೆ ಪಾಚಿ ಸಾಕಿಕೊಂಡಿರೋದರಿಂದ ಬಿಸಿಲಲ್ಲಿ ಅಡಿಗೆ ಮಾಡಿಕೊಳ್ಳೋ ಗಿಡ, ಕೆಳಗೆ ತಾನೇ ಕಟ್ಟಿಕೊಂಡ ಕಲ್ಲು, ಎಂದೆ, ಎಕ್ಸಾಮಲ್ಲಿ ಮೂರೂ ಅಂತ ಬರೆದ್ರೆ ಸೊನ್ನೆ ಹಾಕ್ತಾರೆ ಮಮ್ಮಿ, ಎಂದಳು, ನಿಜ, ಹಾಕುತ್ತಾರೆ. ಚರ್ಮ ಹೀಗೇ ಸುಲಿಯುತ್ತ ತುದಿಯವರೆಗೆ ಹೋದರೆ ಮುಗಿಯಿತು, ಆಮೇಲೆ ಇರುವುದು ಷೋಕೇಸಿನಲ್ಲಿ ಇಡುವ ಕಲ್ಲು, ಹೆಬ್ಬೆರಳಿನಷ್ಟಿದ್ದ ತುಂಡು ನನ್ನ ಕೈಯಲ್ಲಿ ಬೆಳೆದು ಮಲ್ಲಿಗೆ ಮೊಗ್ಗಿನ ಚೆಂಡಿನಷ್ಟಾಗಿದೆ, ಅದು ಕಲ್ಲಾಗಿಬಿಟ್ಟರೆ —

ಕುಕ್ಕರ್ ಕೂಗಲಿ, ಇವತ್ತು ಭಾನುವಾರ, ವಾರವೆಲ್ಲ ಡೇರಿಯ ಲ್ಯಾಬಿನಲ್ಲಿ ಕ್ಯಾನು ಕ್ಯಾನಿನ ಹಾಲಿನ ಹುಳಿ ಅಳೆದು, ಹನಿ ಹನಿ ಬಿಟ್ಟು ಗುಲಾಬಿ ಬಣ್ಣ ಬರುವವರೆಗೆ ಕಾದು, ಮನೆಗೆ ಬಂದರೆ ಇಲ್ಲಿ ಮತ್ತೆ ಹನಿ, ಮತ್ತೆ ಬಣ್ಣ, ನಿಂಗೆ ಡ್ಯೂಟಿ ಮುಗಿಯಾದೇ ಇಲ್ವೇನೇ, ಎನ್ನುತ್ತಾನೆ ಸಿದ್ದೇಶ್ವರ, ನನ್ನ ಗಂಡನಿಗೆ ಶುಂಠಿ ಬಿಟ್ಟು ಬೇರೆ ಏನು ಬೆಳೆದರೂ ಅನುಮಾನ, ಬೆಳಗ್ಗೆ ಬೆಳಗ್ಗೆಯೇ ಅರಕಲಗೂಡಿಗೆ ಹೋಗಿದ್ದಾನೆ, ಯಾವುದೋ ಶುಂಠಿ ಹೊಲ ಕೀಳಿಸುವುದಕ್ಕೆ. ತೊಟ್ಟಿ ತಂದ ಹೊಸದರಲ್ಲಿ ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ, ಮಂಗ್ಳೂರಿಗೋಗೋ ರೈಲು ನಮ್ಮೂರ್ ಮ್ಯಾಲೇ ಓಯ್ತದೆ, ಅತ್ಕಂಡೋಗಿ ನೋಡ್ಕಂಡ್ ಬರಾದ್ ಬುಟ್ಟು ಸಮುದ್ರನೇ ಮನೆಗ್ ತಂದ್ ಮಡಿಕ್ಕಂಡವ್ಳೆ. ತಂದದ್ದು ನಿಜವೇ, ಹೊಳೆನರಸೀಪುರದ ಹುಡುಗಿಗೆ ಹೇಮಾವತಿ ಬಿಟ್ಟರೆ ನೀರು ಗೊತ್ತಿರಲಿಲ್ಲ, ನೀರೆಂದರೆ ಹರಿದು ಹೋಗುವುದು ಎಂದುಕೊಂಡಿದ್ದೆ, ಬೆಂಗಳೂರಿನ ಒಂದು ಅಂಗಡಿಯಲ್ಲಿ ಪ್ರೇಕ್ಷಾಗೆ ಬಣ್ಣದ ಮೀನು ಕೊಡಿಸಲು ಹೋಗಿ ಮೂಲೆಯ ತೊಟ್ಟಿಯಲ್ಲಿ ಇದನ್ನು ಕಂಡೆ, ಇದು ಸಮುದ್ರದಿಂದ ಕಿತ್ತದ್ದಲ್ಲ ಮೇಡಂ, ಹೊರದೇಶದಲ್ಲಿ ಫಾರ್ಮ್ ಮಾಡಿ ಬೆಳೆಸಿದ್ದು, ಪೇಪರ್ ಸಮೇತ ಕೊಡ್ತೀನಿ, ಆದ್ರೆ ನೀವು ಹೊಸಬರು, ಬೇಡ ಬಿಡಿ, ಮೆತ್ತನೆ ಹವಳ ತಗೊಳ್ಳಿ, ಕಲ್ಲು ಹವಳ ಉಳಿಯಲ್ಲ, ಎಂದ ಅಂಗಡಿಯವನು, ಉಳಿಯಲ್ಲ ಎಂದ ಆ ಮಾತಿಗೇ ನಾನು ಸಿಕ್ಕಿಕೊಂಡೆನೇನೋ, ಯಾಕೆ ಉಳಿಯುವುದಿಲ್ಲ, ಏನು ಬೇಕು ಅದಕ್ಕೆ, ಹಾಲು ಯಾಕೆ ಒಡೆಯುತ್ತದೆ ಎಂದು ದಿನಾ ನೋಡುವವಳಿಗೆ ಇದು ಯಾಕೆ ಒಡೆಯುತ್ತದೆ ಎಂದು ತಿಳಿಯದೆ ಹೋದೀತೇ. ಅದಕ್ಕೆ ಬೇಕಾದದ್ದು ಬಹಳ ಇಲ್ಲ, ಆದರೆ ಬೇಕಾದದ್ದು ಒಂದೇ ಸಮ ಇರಬೇಕು, ಉಪ್ಪು ಒಂದೇ ಸಮ, ಬೆಚ್ಚಗೆ ಒಂದೇ ಸಮ, ನೀರು ಸುತ್ತಲಿನಿಂದ ತಳ್ಳುತ್ತಲೇ ಇರಬೇಕು, ಸುಣ್ಣದ ಅಂಶ ಇಳಿಯಲೂ ಬಾರದು ಏರಲೂ ಬಾರದು, ಹಾಸನದ ತಂಪಿಗೆ ನೀರು ಕುದಿಯುವ ಭಯವಿಲ್ಲ, ಚಳಿಗಾಲಕ್ಕೊಂದು ಹೀಟರ್, ಕರೆಂಟ್ ಹೋದರೆ ಬ್ಯಾಟರಿ, ಎಲ್ಲ ಮಾಡಿದ್ದೇನೆ, ಮನೆಯಲ್ಲಿ ಎಲ್ಲರೂ ಏರಿದರೂ ಇಳಿದರೂ ಇದೊಂದು ಒಂದೇ ಸಮ ಇರಲಿ ಎಂದು ಮಾಡಿದ್ದೇನೆ, ಆದರೂ ಬಿಳಿ ಹತ್ತುತ್ತಿದೆ.

ಮಮ್ಮಿ ಬ್ಲೂ ಆಯ್ತು ನೋಡು, ನಮ್ ಸ್ಕೂಲ್ ಪಿನಾಫೋರ್ ಬ್ಲೂ, ಎಂದು ಪ್ರೇಕ್ಷಾ ತೊಟ್ಟಿಯ ನೀರಿಗೆ ಪರೀಕ್ಷೆಯ ಹನಿ ಬಿಟ್ಟ ಗಾಜಿನ ಕೊಳವೆಯನ್ನು ಬಣ್ಣದ ಕಾರ್ಡಿಗೆ ಹಿಡಿದಿದ್ದಾಳೆ, ಹಲ್ಲುಜ್ಜದೆ ಬಂದು ಕೂತಿದ್ದಾಳೆ, ಉಜ್ಜು ಹೋಗೇ, ಎನ್ನಬೇಕು, ಎನ್ನಲಿಲ್ಲ, ಮತ್ತೆ ನೀಲಿ, ನೀಲಿ ಎಂದರೆ ಫಾಸ್ಫೇಟು, ಶುಂಠಿಗೆ ಸುರಿಯುವ ಗೊಬ್ಬರದಲ್ಲಿ ಇರುವುದೂ ಇದೇ ಫಾಸ್ಫೇಟು, ನೆಲದ ಮೇಲಿನ ಬೆಳೆ ಯಾವುದರಿಂದ ಉಬ್ಬುತ್ತದೋ ಅದರಿಂದಲೇ ಇದು ಕಲ್ಲು ಕಟ್ಟುವುದನ್ನು ನಿಲ್ಲಿಸುತ್ತದೆ, ಪಾಚಿ ಹೊಟ್ಟೆಬಾಕನಂತೆ ಬೆಳೆದು ಹವಳದ ಮೈ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಬುಡದ ಚರ್ಮ ಬಿಡುತ್ತದೆ. ಆದರೆ ಎಲ್ಲಿಂದ, ಎಲ್ಲಿಂದ ಬರುತ್ತಿದೆ, ಇದೊಂದು ನನ್ನ ತಲೆಯನ್ನು ಕೊರೆಯುತ್ತಿದೆ, ಶೋಧಿಸಿದ ನೀರನ್ನು ಪರೀಕ್ಷೆ ಮಾಡಿದೆ, ಬಣ್ಣವೇ ಇಲ್ಲ, ಉಪ್ಪು ಬೆರೆಸಿದ ಹೊಸ ನೀರು, ಬಣ್ಣವಿಲ್ಲ, ಮೀನಿನ ಊಟ ಅರ್ಧ ಮಾಡಿದೆ, ಇರುವುದೇ ಎರಡು ಪುಟ್ಟ ಮೀನು, ಅವು ನನ್ನನ್ನು ಕಂಡರೆ ಗಾಜಿಗೆ ಬಾಯಿ ಹಚ್ಚಿ ಬೈಯುತ್ತವೆ, ತೊಟ್ಟಿಯ ಒಂದು ಕಲ್ಲನ್ನು ಬಕೆಟ್ಟಿನಲ್ಲಿ ನೆನೆಸಿಟ್ಟು ಆ ನೀರನ್ನೂ ನೋಡಿದೆ, ಇಲ್ಲ, ಆಗ ಅನುಮಾನ ಸಿದ್ದೇಶ್ವರನ ಕೈ ಮೇಲೆ ಹೋಯಿತು, ಹೊಲದಿಂದ ಬಂದವನು ಮುಚ್ಚಳ ತೆಗೆದು ಮೀನನ್ನು ಮಾತಾಡಿಸುತ್ತಾನಲ್ಲ, ತೊಳ್ಕಂಡ್ ಮುಟ್ರೀ ಎಂದರೆ, ನನ್ ಕೈಯಾಗೇನ್ ಡಿಎಪಿ ಮೂಟೆ ಐತಾ, ಇದೇ ಕೈಯಾಗ್ ನಿಂಗೆ ತಾಳಿ ಕಟ್ಟಿವ್ನಿ, ಅವತ್ ತೊಳ್ಕಂಡಿದ್ನಾ ಕೇಳಿದ್ಯಾ, ಎಂದು ಮಗಳೆದುರೇ ಕೂಗಾಡಿದ, ನಗು ಬಂತು, ಆದರೂ ಒಂದು ವಾರ ತೊಟ್ಟಿಯ ಹತ್ತಿರ ಬಿಡಲಿಲ್ಲ, ನೀಲಿ ಇಳಿಯಲಿಲ್ಲ, ಪಾಪ, ಸುಮ್ಮನೆ ಬೈಸಿಕೊಂಡ. ಪಕ್ಕದ ಮನೆಯ ಲಕ್ಕಮ್ಮನವರು ಹೆಪ್ಪಿಗೆ ಮೊಸರು ಕೇಳಲು ಬಂದವರು ಬಾಗಿಲಲ್ಲೇ ನಿಂತು, ಏನ್ರವ್ವಾ, ಕಲ್ಲಿಗೆ ಇನ್ನೂ ಗ್ಯಾನ ಬರ್ನಿಲ್ವಾ, ಎಂದು ಕೇಳಿ ಹೋಗುತ್ತಾರೆ, ಕಲ್ಲಿಗೆ ಅಲ್ಲ ಜ್ವರ ಬಂದಿರುವುದು ಚರ್ಮಕ್ಕೆ ಎಂದು ಅವರಿಗೆ ಹೇಗೆ ಹೇಳುವುದು. ಈ ಮನೆಯಲ್ಲಿ ಇದನ್ನು ನನ್ನಷ್ಟೇ ನೋಡುವವರು ಮಾವ ಒಬ್ಬರೇ, ಪರಮಶಿವಯ್ಯನವರು ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೆಳೆದವರು, ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಒಲೆಯ ಮುಂದೆ ಗೋಣಿತಾಟು ಹಾಸಿಕೊಂಡು ಎಲೆ ಬೇಯುವುದನ್ನು ಕಾದವರು, ಸೊಪ್ಪು ಅಳದಿ ತಿರುಗೋ ಒತ್ನಾಗೆ ಒಂದ್ ಡಿಗ್ರಿ ಎಚ್ಚಾದ್ರೂ ಕೆಟ್ಟೋಯ್ತದೆ ಕಣವ್ವಾ ಪ್ರೇಮಾ, ನಿಂದೂ ಅಂಗೇ ಅಲ್ವಾ, ಎಂದು ಮೊದಲ ದಿನವೇ ಥರ್ಮಾಮೀಟರು ಓದಿದವರು, ಇವತ್ ಯಾಕೋ ಮಂಕಾಗೈತೆ ನೋಡು, ಎಂದು ನನಗಿಂತ ಮುಂಚೆ ಹೇಳಿದವರೂ ಅವರೇ. ಪೂಜೆಗೆ ಕೂತಿದ್ದಾರೆ ಒಳಗೆ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತ, ಅಷ್ಟು ಹೊತ್ತು ಏನು ನೋಡುತ್ತಾರೋ, ನಾನು ಇಲ್ಲಿ ನೋಡುತ್ತೇನಲ್ಲ, ಹಾಗೇ ಇರಬಹುದೇ, ಕೇಳಬೇಕು ಒಂದು ಸಲ.

ಪ್ರೇಕ್ಷಾ ಹಲ್ಲುಜ್ಜಲು ಹೋದಳು, ನಾನು ತೊಟ್ಟಿಯ ಸ್ಟ್ಯಾಂಡಿನ ಪಕ್ಕ ನೆಲದಲ್ಲಿ ಕೂತು ನೊರೆ ತುಂಬಿದ ಬಟ್ಟಲನ್ನು ಬಿಚ್ಚುತ್ತಿದ್ದೇನೆ, ನೀರಿನ ಕೊಳೆಯನ್ನು ನೊರೆ ಮಾಡಿ ಎತ್ತುವ ಯಂತ್ರ, ಅದರ ವಾಸನೆ ಕೊಟ್ಟಿಗೆಯ ಮೂಲೆಯದು, ಮೂಗು ಆ ಕಡೆ ತಿರುಗಿಸಿಕೊಂಡರೆ ಸ್ಟ್ಯಾಂಡಿನಾಚೆ ಎರಡು ಕಾಲು, ಬಿಳಿ ಪಂಚೆ, ಮಾವ, ಪೂಜೆ ಮುಗಿದಿರಬೇಕು, ನಾನು ಕೆಳಗಿರುವುದು ಅವರಿಗೆ ಕಾಣುವುದಿಲ್ಲ, ಮಾತಾಡಿಸೋಣ ಎಂದುಕೊಳ್ಳುವಷ್ಟರಲ್ಲಿ ಮೇಲೆ ಮುಚ್ಚಳ ಸರಿದ ಸದ್ದು, ಮೀನು ನೋಡುತ್ತಿದ್ದಾರೆ, ನೋಡಲಿ, ಆಮೇಲೆ ನೀರಿನ ನೆತ್ತಿಯಲ್ಲಿ ಒಂದು ಸಣ್ಣ ನಡುಕ, ಏನೋ ಇಳಿಯಿತು, ಬೂದು ಬಣ್ಣದ ದಾರದಂಥದ್ದು, ಅಗರಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ, ಪಂಪಿನ ಹೊಡೆತಕ್ಕೆ ಸಿಕ್ಕಿ ಬಳುಕಿತು, ಎರಡಾಯಿತು, ಹವಳದ ಕೊಂಬೆಗಳ ನಡುವೆ ನುಸುಳಿ ಹರಡಿ ಇಲ್ಲದಂತಾಯಿತು, ಎಷ್ಟು ಚೆಂದ ಎಂದುಕೊಂಡೆ, ನಿಜವಾಗಿ ಮೊದಲು ಬಂದದ್ದು ಅದೇ, ಎಷ್ಟು ಚೆಂದ, ಆಮೇಲೆ, ಏನದು, ಮತ್ತೂ ಸ್ವಲ್ಪ ಸುರಿಯುತ್ತಿದ್ದಾರೆ, ತಾಮ್ರದ್ದಲ್ಲ ಬೆಳ್ಳಿಯ ಪುಟ್ಟ ಬಟ್ಟಲು, ಪೂಜೆಯ ಬಟ್ಟಲು, ತಾಮ್ರ ಹವಳಕ್ಕೆ ವಿಷ, ತಾಮ್ರದ್ದಾಗಿದ್ದರೆ ಎಲ್ಲ ಎಂದೋ ಸತ್ತಿರುತ್ತಿತ್ತು, ಬೆಳ್ಳಿಯದ್ದು, ತುಟಿ ಅಲ್ಲಾಡುತ್ತಿದೆ, ಶಿವಾ ಶಿವಾ, ಬಟ್ಟಲನ್ನು ಕೊಡವಿ, ಕೊನೆಯ ಹನಿಯನ್ನು ಕಣ್ಣಿಗೊತ್ತಿಕೊಂಡು — ಲಿಂಗಕ್ಕೆ ಎರೆದ ನೀರು, ಲಿಂಗಕ್ಕೆ ಬಳಿದ ವಿಭೂತಿ ಕರಗಿದ ನೀರು, ಮಠದಿಂದ ತರುವ ವಿಭೂತಿ ಗಟ್ಟಿ, ಸಗಣಿ ಸುಟ್ಟ ಬೂದಿ, ಸಗಣಿ, ಗೊಬ್ಬರ, ಫಾಸ್ಫೇಟು, ದೇವರೇ, ದಿನಾ ಬೆಳಗ್ಗೆ, ಒಂದು ಚಿಟಿಕೆ, ನಾನು ಉಪ್ಪನ್ನು ಅನುಮಾನಿಸಿದೆ, ಗಂಡನ ಕೈಯನ್ನು ಅನುಮಾನಿಸಿದೆ, ಮೀನಿನ ಊಟ ಕಿತ್ತುಕೊಂಡೆ, ಉತ್ತರ ಪ್ರತಿದಿನ ನನ್ನ ಪಕ್ಕದ ಕೋಣೆಯಲ್ಲಿ ಕಣ್ಣು ಮಿಟುಕಿಸದೆ ಕೂತಿತ್ತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ, ಗೊತ್ತಾಯಿತಲ್ಲ ಎಂಬ ಒಂದು ಹಗುರ, ಒಗಟು ಬಿಟ್ಟಿತು, ಆದರೆ ಬಿಟ್ಟ ಒಗಟನ್ನು ಈಗ ಬಾಯಿ ಬಿಟ್ಟು ಹೇಳಬೇಕಲ್ಲ, ಮಾವನಿಗೆ, ನಿಮ್ಮ ಲಿಂಗದ ನೀರಿನಿಂದ ಇದು ಸಾಯುತ್ತಿದೆ ಎಂದು, ಯಾವ ಬಾಯಲ್ಲಿ.

ಮಾವ, ಎಂದೆ ನೆಲದಿಂದಲೇ, ಅವರು ಬೆಚ್ಚಿ, ಅಯ್ಯೋ ಇಲ್ ಕುಂತಿದ್ಯಾ ಮಗಾ, ನಾನು ಯಾವ್ದೋ ಬೆಕ್ಕು ಅಂತಿದ್ದೆ, ಎಂದು ನಕ್ಕರು, ದಿನಾ ಇಲ್ಲೇ ಹಾಕ್ತೀರಾ ಇದನ್ನ, ಎಂದೆ, ಊಂ, ಮತ್ತೆಲ್ಲಿ ಹಾಕನವ್ವಾ, ಮೂರು ಗುಟುಕು ಕುಡೀತೀನಿ, ಮಿಕ್ಕಿದ್ದ ತುಳಿಯೋ ಜಾಗದಾಗೆ ಚೆಲ್ಲಂಗಿಲ್ಲ, ಬಚ್ಚಲಿಗ್ ಉಯ್ಯಂಗಿಲ್ಲ, ಊರಾಗಾದ್ರೆ ಹಿತ್ಲಾಗೆ ಪತ್ರೆ ಮರ ಇತ್ತು, ಇಲ್ಲಿ ಮಹಡಿ ಮ್ಯಾಲಿನ ಮನೆ, ಮಣ್ಣೆಲ್ಲೈತೆ. ಹೌದು ಮಣ್ಣೆಲ್ಲಿದೆ, ಬಾಲ್ಕನಿಯಲ್ಲಿ ಕಣಗಿಲೆಯ ಕುಂಡಗಳಿದ್ದವು, ನೀರು ಶೋಧಿಸುವ ಡ್ರಮ್ಮಿಗೆ ಜಾಗ ಬೇಕೆಂದು ಅವೆಲ್ಲ ಲಕ್ಕಮ್ಮನವರ ತಾರಸಿಗೆ ಹೋದವು, ಅಲ್ಲಿಂದಾಚೆಗೆ ಮಾವ ನೀರನ್ನು ಎಲ್ಲಿ ಹಾಕುತ್ತಾರೆ ಎಂದು, ಎಲ್ಲವನ್ನೂ ಎಲ್ಲಿಂದ ಎಂದು ಕೇಳುವ ನನ್ನ ತಲೆಗೆ, ಎಲ್ಲಿಗೆ ಎಂದು ಕೇಳುವುದು ಹೊಳೆಯಲೇ ಇಲ್ಲ. ಇದು ಯಾರೂ ತುಳೀದೆ ಇರೋ ನೀರು, ಎಂದರು ಮಾವ, ನೀನು ಅಷ್ಟು ಮಡೀಲಿ ನೋಡ್ಕತೀಯ, ಇದ್ಕಿಂತ ಸುದ್ದವಾದ ಜಾಗ ಈ ಮನೇಲಿ ಇನ್ಯಾವ್ದೈತೆ ಹೇಳು, ಅದೂ ಅಲ್ದೆ ಇದು ಕಲ್ ಕಟ್ಟೋ ಜೀವ ಅಂತ ನೀನೇ ಅಂದಲ್ಲ, ಲಿಂಗದ ನೀರ್ ಕುಡಿದ್ರೆ ಗಟ್ಟಿಯಾಗಿ ಕಟ್ತದೆ ಅಂತಿದ್ದೆ, ಯಾಕವ್ವಾ. ಯಾಕವ್ವಾ ಎಂದಾಗ ಅವರ ಮುಖ ಪ್ರೇಕ್ಷಾಳದ್ದೇ, ನಾನು ಗಾಜಿನ ಕೊಳವೆ ಎತ್ತಿ ತೋರಿಸಿದೆ, ನೀಲಿ, ಮಾವ, ವಿಭೂತಿ ಸಗಣಿದಲ್ವಾ, ಸಗಣೀಲಿ ಗೊಬ್ಬರದ ಅಂಶ ಇರ್ತದೆ, ಅದು ನೀರಿಗೆ ಇಳಿದ್ರೆ ಇದಕ್ಕೆ ಆಗಲ್ಲ, ಎಂದೆ. ಮಾವ ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಬೂದಿ ಬಿದ್ದರೆ ಹೊಲ ಏಳ್ತದೆ, ಇದು ಬೀಳ್ತದಾ, ಎಂದರು, ಕೇಳಿದ್ದೋ ತಮಗೇ ಹೇಳಿಕೊಂಡದ್ದೋ, ಬೇಸರ ಇತ್ತೇ ಆ ದನಿಯಲ್ಲಿ, ಹುಡುಕಿದೆ, ಇದ್ದದ್ದು ಬೇರೆ, ಹೊಸ ತಳಿ ಸೊಪ್ಪಿನ ಎಲೆಯನ್ನು ಮೊದಲ ಸಲ ತಿರುಗಿಸಿ ನೋಡುವವನ ದನಿ, ಆಮೇಲೆ ಮಾತ್ರ ಮೆಲ್ಲಗೆ, ಅಂಗಾರೆ ಇನ್ಮ್ಯಾಕೆ ಮೂರ್ ಗುಟುಕಿಗಾಗೋವಷ್ಟ್ರಲ್ಲೇ ಪೂಜೆ ಮುಗುಸ್ತೀನಿ ಬುಡು, ಮಿಗೋದೇ ಬ್ಯಾಡ, ಎಂದರು, ಆ ಬುಡು ನನಗೆ ತಾಗಿತು, ಬ್ಯಾಡಿ ಮಾವ, ಲಕ್ಕಮ್ಮನೋರ ಅತ್ರ ಒಂದು ಕುಂಡ ವಾಪಸ್ ಇಸ್ಕತೀನಿ, ಎಂದೆ, ಕೊಟ್ಟಿದ್ದ ಕೇಳಾಕಾಯ್ತದಾ, ಊವ ಬಿಡ್ತಾ ಐತಂತೆ, ಕೊಟ್ಟಾಳಾ ಅವ್ಳು, ಎಂದರು, ಕೊಡದಿದ್ರೆ ನಾಳೆಯಿಂದ ಮೊಸರು ಕೊಡಲ್ಲ, ಎಂದೆ, ಅದಕ್ಕೆ ನಕ್ಕರು, ಹೊಟ್ಟೆ ಅಲ್ಲಾಡುವಂತೆ ನಕ್ಕರು, ಆಮೇಲೆ ಗಾಜಿಗೆ ಬಗ್ಗಿ, ಈಗ ಇದ್ನ ಏನ್ ಮಾಡಾದು, ಉಳೀತದಾ, ಎಂದರು.

ಉಳಿಯುತ್ತದೆಯೇ, ಗೊತ್ತಿಲ್ಲ, ನೀರು ಬದಲಾಯಿಸಿದರೂ ಹತ್ತುತ್ತಿರುವ ಬಿಳಿ ನಿಲ್ಲುವುದಿಲ್ಲ, ಸುಲಿಯಲು ಸುರುವಾದದ್ದು ತಾನೇ ದಾರಿ ಮಾಡಿಕೊಂಡು ಹತ್ತುತ್ತದೆ, ಇರುವ ಉಪಾಯ ಒಂದೇ, ಬಿಳಿ ತುದಿ ಮುಟ್ಟುವ ಮೊದಲೇ ಅದಕ್ಕಿಂತ ಮೇಲೆ, ಜೀವ ಇರುವ ಕಡೆ, ಕತ್ತರಿಸಿಬಿಡುವುದು, ತುದಿಗಳನ್ನು ಬೇರೆ ಕಲ್ಲಿಗೆ ಅಂಟಿಸುವುದು, ಬುಡವನ್ನು ಬಿಟ್ಟುಕೊಡುವುದು, ಎರಡು ದಿನದಿಂದ ಕತ್ತರಿ ತೊಳೆದು ಇಟ್ಟು ಕತ್ತರಿಸದೆ ಕೂತಿದ್ದೇನೆ, ಇಷ್ಟು ಬೆಳೆಸಿದ್ದನ್ನು ನಾನೇ, ತಪ್ಪಾದ ಕಡೆ ಕತ್ತರಿಸಿದರೆ ತುದಿಯೂ ಹೋಯಿತು. ಸೊಪ್ಪಿಗೆ ರೋಗ ಬಂದ್ರೆ ಗಿಡನೇ ಕಿತ್ತಾಕ್ತಿದ್ವಿ, ನಿಂದು ವಾಸಿ, ತುದಿ ಆದ್ರೂ ಉಳೀತದಲ್ಲ, ಆಕು ಕತ್ರಿ, ಎಂದರು ಮಾವ, ಯಾರಾದರೂ ಹಿಡಿಯಬೇಕು, ತುದಿ ಸಿಡಿದು ನೆಲಕ್ಕೆ ಬಿದ್ದರೆ ಮುಗಿಯಿತು, ನಾನ್ ಹಿಡೀತೀನಿ ನಾನ್ ಹಿಡೀತೀನಿ, ಎಂದು ಪೇಸ್ಟಿನ ಬಾಯಲ್ಲೇ ಓಡಿ ಬಂದ ಪ್ರೇಕ್ಷಾಳ ಕೈ ಈಗಲೇ ಕುಣಿಯುತ್ತಿದೆ, ನೀನು ಅಂಟು ಹಿಡಿ, ಚಪ್ಪಲಿಗೆ ಹಾಕುವ ಅದೇ ಫೆವಿಕ್ವಿಕ್, ಹವಳಕ್ಕೂ ಅದೇ, ಮಾವನ ಬಲಗೈ ವಯಸ್ಸಿಗೆ ನಡುಗುತ್ತದೆ, ಕಾಫಿ ಲೋಟ ತಟ್ಟೆಯ ಮೇಲೆ ಸದ್ದು ಮಾಡುತ್ತದೆ, ಅವರು ಎಡಗೈ ಚಾಚಿದರು, ಅದು ನಡುಗಲಿಲ್ಲ. ದಿನಾ ಅಲ್ಲಾಡದೆ ಇರುವುದನ್ನು ಕಲಿತ ಕೈ, ಆದರೆ ಅಂಗೈ ತುಂಬ ವಿಭೂತಿ, ಒಂದು ಕೈಯಲ್ಲಿರುವಷ್ಟರಿಂದ ಏನೂ ಆಗುವುದಿಲ್ಲ, ಗೊತ್ತು, ಲೆಕ್ಕಕ್ಕೇ ಬರುವುದಿಲ್ಲ, ಆದರೂ ನನ್ನ ಕಣ್ಣು ಅಲ್ಲಿ ನಿಂತದ್ದನ್ನು ಅವರು ಕಂಡರು, ನಾನು ಕೇಳುವ ಮೊದಲೇ ಅಂಗೈಯನ್ನು ಎದೆಗೆ ಒಂದು ಸಲ, ತೋಳಿಗೆ ಒಂದು ಸಲ ಬಳಿದುಕೊಂಡು, ವ್ಯರ್ಥ ಮಾಡದೆ ಬಳಿದುಕೊಂಡು, ಆಮೇಲೆ ನನ್ನ ಶೋಧಿಸಿದ ನೀರಿನ ಚೊಂಬಿಗೆ ಕೈ ಒಡ್ಡಿದರು, ಉಯ್ಯವ್ವಾ, ಕೆಳಗೆ ಪೂಜೆಯ ಬಟ್ಟಲನ್ನೇ ಹಿಡಿದುಕೊಂಡಿದ್ದರು, ತೊಳೆದ ನೀರು ಅದರಲ್ಲೇ ನಿಲ್ಲಲೆಂದು, ಅದು ಲಕ್ಕಮ್ಮನವರ ತಾರಸಿಗೆ ಹೋಗುತ್ತದೆ, ಕುಂಡ ಬರುವವರೆಗೆ ನಾನೇ ಹತ್ತಿ ಹೋಗಿ ಹಾಕಿ ಬರುತ್ತೇನೆ.

ಹವಳವನ್ನು ನೀರಿನಿಂದ ಎತ್ತಿದೆ, ಬಾಯಿಗಳೆಲ್ಲ ಒಂದೇ ಸಲ ಮುಚ್ಚಿಕೊಂಡವು, ಮೈಯಿಂದ ಲೋಳೆ ಇಳಿಯುತ್ತಿದೆ, ಹಸಿ ಕಡಲಿನ ವಾಸನೆ, ನಾನು ನೋಡಿಯೇ ಇಲ್ಲದ ಕಡಲು, ಬುಡವನ್ನು ಒಂದು ಕೈಯಲ್ಲಿ ಹಿಡಿದು ಕತ್ತರಿಯ ಬಾಯನ್ನು ಕವಲಿನ ನಡುವೆ ಇಟ್ಟರೆ, ಎಲ್ಲಿ, ಇಲ್ಲಿಯೇ, ಇನ್ನೂ ಮೇಲೆ, ಬಿಳಿ ಇಲ್ಲಿಗೆ ನಿಂತಿದೆ, ಅದಕ್ಕಿಂತ ಮೇಲೆ, ಉದ್ದ ಉಳಿಸುವ ಆಸೆಪಡಬಾರದು, ಇನ್ನೂ ಮೇಲೆ, ಉಸ್ರು ಹಿಡ್ಕ ಮಗಾ, ಎಂದರು ಮಾವ, ಪ್ರೇಕ್ಷಾ ಹಿಡಿದುಕೊಂಡಳು, ಟಕ್, ಕಲ್ಲುಸಕ್ಕರೆ ಕಡಿದ ಸದ್ದು, ಅಷ್ಟೇ ಸಣ್ಣ ಸದ್ದು, ಒಂದು ತುದಿ ಅಂಗೈಗೆ ಬಿತ್ತು, ಅಂಗೈ ಅಲ್ಲಾಡಲಿಲ್ಲ, ಮತ್ತೊಂದು, ಟಕ್, ಅದೂ ಬಿತ್ತು, ಅಂಟು ಹಾಕು ಪ್ರೇಕ್ಷಾ, ಬೇಗ, ಕಲ್ಲಿಗೆ ಒತ್ತಿ ನೀರಿಗೆ ಇಳಿಸಿದೆ, ಮೇಲೆ, ದೀಪದ ಹತ್ತಿರ, ಇನ್ನೊಂದನ್ನು ಅದರ ಪಕ್ಕ, ಎಡಗಡೆಯ ಕವಲು ಮಾತ್ರ ಉಳಿದಿದೆ, ಬಿಳಿ ಎಲ್ಲಕ್ಕಿಂತ ಹೆಚ್ಚು ಹತ್ತಿದ ಕವಲು, ಇದೇ ಎಲ್ಲಕ್ಕಿಂತ ಉದ್ದ, ಅಂಗಡಿಯಿಂದ ತಂದ ದಿನದ ಹಳೆಯ ತುದಿ ಇದೇ, ಟಕ್, ಮಾವನ ಅಂಗೈಯಲ್ಲಿ ಮಲಗಿತು, ಹೆಬ್ಬೆರಳಿನಷ್ಟು, ನೇರಳೆ, ಒದ್ದೆ, ಕತ್ತರಿಸಿದ ಮುಖ ನನ್ನ ಕಡೆಗೆ ತಿರುಗಿದೆ, ಬಿಳಿ, ಇರಲೇಬೇಕಲ್ಲ, ಕತ್ತರಿಸಿದ ಕಡೆ ಎಲುಬಿನ ಬಿಳಿ, ಆದರೆ ಅಂಚಿನಲ್ಲಿ, ಚರ್ಮ ಸುರುವಾಗುವ ಕಡೆ, ಕೂದಲಿನಷ್ಟು ಇನ್ನೊಂದು ಬಿಳಿ ಇದೆಯೇ, ಕತ್ತರಿ ಸುಲಿದ ಬಿಳಿಯೋ, ಹತ್ತಿ ಬಂದು ಇಲ್ಲಿಗೂ ಮುಟ್ಟಿದ ಬಿಳಿಯೋ, ಆಯ್ತೇನವ್ವಾ, ಎಂದರು ಮಾವ, ಮಮ್ಮಿ ಅಂಟು ಒಣಗ್ತಾ ಇದೆ, ಎಂದಳು ಪ್ರೇಕ್ಷಾ, ಒಂದು ನಿಮಿಷ, ಬಗ್ಗಿ ನೋಡಿದೆ, ಮೂಗು ಅವರ ಬೆರಳಿಗೆ ತಾಗುವಷ್ಟು ಬಗ್ಗಿ, ಮಾವನೂ ಬಗ್ಗಿದರು, ಕಣ್ಣು ಮಿಟುಕಿಸದೆ, ತೊಳೆದರೂ ಹೋಗದೆ ಅಂಗೈಯ ಗೆರೆ ಗೆರೆಯಲ್ಲಿ ಉಳಿದ ಬೂದಿಯ ಬಿಳಿ, ಅದರ ಮೇಲೆ ಈ ತುಂಡು, ತುಂಡಿನ ಅಂಚಿನಲ್ಲಿ, ಕೂದಲಿನಷ್ಟು, ಬಿಳಿ